ಹಕ್ಕಿ ಕ್ಯಾಸೆಟ್

ಸೀರೆ ಇಟ್ಟುಕೊಳ್ಳಲಿ ಎಂದು ತವರಿನವರು ಮದುವೆಯಲ್ಲಿ ಕೊಟ್ಟ ಕಬ್ಬಿಣದ ಕಪಾಟಿನಲ್ಲಿ ಭಾಗ್ಯಜ್ಯೋತಿ ಕಂಪ್ಯೂಟರ್ ಆಟಗಳನ್ನು ಇಟ್ಟಿದ್ದಳು. ಈಗಿನ ಆಟಗಳಲ್ಲ. ಒಂದು ಕಾಲಕ್ಕೆ ಹಾಡಿನ ಕ್ಯಾಸೆಟ್ಟಿನಲ್ಲಿ, ಅಂಗೈಯಗಲದ ಫ್ಲಾಪಿಯಲ್ಲಿ, ಟಿ.ವಿ.ಗೆ ಸಿಕ್ಕಿಸುವ ಕರಿ ಡಬ್ಬಿಯಲ್ಲಿ ಬರುತ್ತಿದ್ದವಲ್ಲ, ಅಂಥವು. ಸೊಲ್ಲಾಪುರದ ಗುಜರಿಯಿಂದ ಕೆಲವನ್ನು ಆರಿಸಿ ತಂದಿದ್ದಳು, ಹುಬ್ಬಳ್ಳಿಯಲ್ಲಿ ಬಾಗಿಲು ಮುಚ್ಚಿದ ಕಂಪ್ಯೂಟರ್ ಕ್ಲಾಸೊಂದರಿಂದ ಕೆಲವನ್ನು. ಒಂದೊಂದಕ್ಕೂ ಒಂದು ಅರಿವೆಯ ಚೀಲ, ಚೀಲದೊಳಗೆ ತೇವ ಹೀರುವ ಪುಡಿಯ ಪೊಟ್ಟಣ, ಮೇಲೆ ಹೆಸರಿನ ಚೀಟಿ. ಅವಳು ತಾನಿರುವ ಇಂಡಿ ಊರಿನಿಂದ ದಿನಾ ಸಿಂದಗಿಗೆ ಹೋಗಿ ಅಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಪ್ರಯೋಗಶಾಲೆಯ ಶಿಸ್ತು ಕಪಾಟಿಗೂ ಬಂದಿತ್ತು. ಗಂಡ ಅನಿಲ ಮಾತ್ರ, ಇಷ್ಟು ಕಾಳಜಿಯಿಂದ ತನ್ನ ಅಂಗಿಯನ್ನು ಯಾರೂ ಮಡಚಿಟ್ಟಿಲ್ಲ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ.

ಎರಡನೆಯ ಸಾಲಿನಲ್ಲಿ ಒಂದು ಚೀಲ ಖಾಲಿ ಇತ್ತು. ಅದರ ಚೀಟಿಯ ಮೇಲೆ ‘ಹಕ್ಕಿ ಓಡಿಸು, ಬಾಳಮ್ಮ ಅಕ್ಕೋರು, ೧೯೮೮’ ಎಂದು ಬರೆದಿತ್ತು.

ಆಗ ಅವಳು ಒಂಬತ್ತನೆಯ ಇಯತ್ತೆ. ಇಂಡಿ ಊರಿನ ಅವಳ ಹೈಸ್ಕೂಲಿಗೆ ಸರಕಾರದ ಯೋಜನೆಯೊಂದರಲ್ಲಿ ಬಿ.ಬಿ.ಸಿ. ಮೈಕ್ರೊ ಎಂಬ ಎರಡು ಕಂಪ್ಯೂಟರ್ ಬಂದವು. ಅವುಗಳ ಬೀಗದ ಕೈ ಗಣಿತ ಕಲಿಸುವ ಬಾಳಮ್ಮನವರ ಸೆರಗಿನ ತುದಿಗೆ ಬಂತು. ಈ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಅವರು ಇವತ್ತಿಗೂ ಅವಳಿಗೆ ಬಾಳಮ್ಮ ಅಕ್ಕೋರೇ. ತರಬೇತಿಗೆ ಹೋಗಿಬಂದ ಅಕ್ಕೋರು ತಾವೇ ಒಂದು ಆಟ ಬರೆದರು. ತೆನೆಗಟ್ಟಿದ ಜೋಳದ ಹೊಲ, ನಡುವೆ ಅಟ್ಟ, ಅಟ್ಟದ ಮೇಲೆ ಕವಣಿ ಹಿಡಿದ ಒಬ್ಬಳು ಹುಡುಗಿ. ಮೇಲಿನಿಂದ ಹಕ್ಕಿಗಳು ಇಳಿಯುತ್ತವೆ. ತೆನೆಗೆ ಬಾಯಿ ಹಾಕುವ ಮೊದಲು ಓಡಿಸಬೇಕು. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಅಕ್ಕೋರು ಚೌಕಳಿ ಹಾಳೆಯಲ್ಲಿ ರಂಗೋಲಿಯ ಹಾಗೆ ಚುಕ್ಕಿ ತುಂಬಿ, ಒಂದೊಂದೇ ಅಕ್ಷರವನ್ನು ಅದಕ್ಕೆ ಕಲಿಸಿದರು. ಶನಿವಾರ ಹುಡುಗಿಯರು ಪಾಳಿ ಹಚ್ಚಿ ಆಡುತ್ತಿದ್ದರು. ಎಲ್ಲ ಹಕ್ಕಿಗಳನ್ನು ಓಡಿಸಿ ಮುಗಿಸಿದವಳು ಒಬ್ಬಳೂ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಮರುವರ್ಷ ಎರಡೂ ಯಂತ್ರ ಕೆಟ್ಟವು, ಅಕ್ಕೋರಿಗೆ ವರ್ಗವಾಯಿತು, ಆಟ ಯಾರ ಕೈಗೂ ಸಿಗದೆ ಹೋಯಿತು.

ಹಳೆಯ ಆಟ ಕೂಡಿಹಾಕುವವರದೊಂದು ಗುಂಪು ಇಂಟರ್‌ನೆಟ್ಟಿನಲ್ಲಿತ್ತು. ಭಾರತದ ಭಾಷೆಗಳಲ್ಲಿ ಬಂದ ಆಟಗಳ ಮಾತು ಬಂದಾಗ ಭಾಗ್ಯಜ್ಯೋತಿ ಇದನ್ನು ಹೇಳಿದ್ದಳು. ಪುಣೆಯ ಒಬ್ಬ ಗೃಹಸ್ಥ, ಕ್ಯಾಸೆಟ್ ಇಲ್ಲದ ಆಟ ಅಜ್ಜಿ ಹೇಳಿದ ಕತೆ ಇದ್ದ ಹಾಗೆ, ಕೇಳಲು ಚೆಂದ ಎಂದು ಬರೆದ. ಅವಳಿಗೆ ಸಿಟ್ಟು ಬರಲಿಲ್ಲ. ಪುರಾವೆ ಕೇಳುವುದು ತಪ್ಪಲ್ಲ. ತರಗತಿಯಲ್ಲಿ ಅವಳೂ ಅದನ್ನೇ ಹೇಳಿಕೊಡುತ್ತಿದ್ದಳು.

ಅವಳನ್ನು ಕಾಡಿದ್ದು ಬೇರೆ. ಅಕ್ಕೋರು ಈಗ ಬಸವನ ಬಾಗೇವಾಡಿಯಲ್ಲಿದ್ದಾರೆ. ಮಗ, ಸೊಸೆ, ಸಂಜೆಯಾದರೆ ಲೆಕ್ಕ ಕಲಿಯಲು ಬರುವ ಓಣಿಯ ಹುಡುಗಿಯರು, ಮನೆ ತುಂಬ ಗದ್ದಲ. ಕಳೆದ ದೀಪಾವಳಿಗೆ ಹೋದಾಗ ಭಾಗ್ಯಜ್ಯೋತಿ ಪುಣೆಯವನ ಮಾತನ್ನು ನಗುತ್ತ ಹೇಳಿದಳು. ಅಕ್ಕೋರೂ ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಅಂದರು:

“ನಮ್ಮ ಮನ್ಯಾಗೂ ಯಾರೂ ನಂಬಂಗಿಲ್ಲವಾ. ಇತ್ತಿತ್ಲಾಗ ನನಗೂ ಹಂಗಽ ಅನಸಾಕತ್ತೈತಿ. ಖರೇನ ಬರದಿದ್ನೋ, ಬರೀಬೇಕು ಅನ್ಕೊಂಡಿದ್ನೋ.”

ಊರವರು ನಂಬದಿದ್ದರೆ ನಡೆಯುತ್ತದೆ. ಮಾಡಿದವಳೇ ನಂಬದ ಹಾಗಾದರೆ? ಆ ಮಾತು ಭಾಗ್ಯಜ್ಯೋತಿಯ ಜೊತೆ ಇಂಡಿಯವರೆಗೂ ಬಂತು, ಖಾಲಿ ಚೀಲದ ಪಕ್ಕ ಕುಳಿತುಬಿಟ್ಟಿತು. ಅಕ್ಕೋರ ಮುಂದೆ ಆ ಆಟವನ್ನು ನಡೆಸಿ ತೋರಿಸಬೇಕು. ಅದಕ್ಕಿಂತ ಕಡಿಮೆ ಯಾವುದೂ ಸಾಲದು ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಇಂಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಅನಿಲನದು ಬೀಜ-ಗೊಬ್ಬರದ ಅಂಗಡಿ. ಒಂದು ಭಾನುವಾರ ಮುಂಜಾನೆ ಭಾಗ್ಯಜ್ಯೋತಿ ಅಲ್ಲಿ ಕುಳಿತು ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಹೊರ್ತಿಯಲ್ಲಿ ದ್ರಾಕ್ಷಿ ತೋಟ ಇರುವ ಚಂದಪ್ಪ ಎಂಬವನು ಬಂದು, ತೋಟದ ಮೇಲೆ ಹಾಸುವ ಬಲೆಯ ಗುಣದೋಷ ವಿಚಾರಿಸುತ್ತಿದ್ದ. ಬಲೆ ಅವನ ಮನಸ್ಸಿಗೆ ಬರಲಿಲ್ಲ. ಅದನ್ನು ಎಳೆದೆಳೆದು ನೋಡಿ, ಹಕ್ಕಿ ಕ್ಯಾಸೆಟ್ ಚಲೋ ನಡೆಯುತ್ತಿದ್ದ ಕಾಲಕ್ಕೆ ಬಲೆಯನ್ನು ಯಾರು ಕೇಳುತ್ತಿದ್ದರು ಎಂದು ಗೊಣಗಿದ.

ಹಕ್ಕಿಗಳಿಗೆ ಯಾವ ಹಾಡು ಹಚ್ಚುತ್ತಿದ್ದೆಯಪ್ಪ ಎಂದು ಅನಿಲ ಚಾಷ್ಟಿ ಮಾಡಿದ.

“ಹಾಡಲ್ರಿ, ಒದರೂದು. ಹಲ್ಲ ಜುಮ್ ಅಂತಾವು,” ಅಂದ ಚಂದಪ್ಪ. ಅದು ಹೇಗೆಂದು ತೋರಿಸಲು ಮೂಗಿನಿಂದ ಕೂಂ ಎಂದು ಸಿಳ್ಳಿನಂಥ ದನಿ ಎಳೆದ, ಹಿಂದೆಯೇ ಗಂಟಲಲ್ಲಿ ಕರ್ರ್ ಎಂದ, ಮತ್ತೆ ಕೂಂ ಎಂದ, ಮತ್ತೆ ಕರ್ರ್.

ಭಾಗ್ಯಜ್ಯೋತಿಯ ಕೈಯಲ್ಲಿನ ಕೆಂಪು ಪೆನ್ನು ನಿಂತಿತು. ಆ ಕಾಲದ ಕಂಪ್ಯೂಟರುಗಳು ಬರೆದದ್ದನ್ನು ದನಿಯಾಗಿ ಮಾಡಿ ಕ್ಯಾಸೆಟ್ಟಿನಲ್ಲಿ ಇಡುತ್ತಿದ್ದವು. ಆಟವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿಗೂ ಒಂದೊಂದು ಕರ್ರ್. ತುಂಡು-ತುಂಡಿನ ನಡುವೆ ಉಸಿರು ಬಿಟ್ಟ ಹಾಗೆ ಒಂದು ಸಿಳ್ಳು. ಹೊರ್ತಿಯ ದ್ರಾಕ್ಷಿ ತೋಟದವನ ಬಾಯಿಂದ ಅದೇ ಬರುತ್ತಿತ್ತು.

“ಇನ್ನೊಮ್ಮೆ ಮಾಡ್ರಿ,” ಅಂದಳು.

ಕಾಲೇಜಿನ ಮೇಡಮ್ಮು ಕೇಳಿದರೆಂದು ಚಂದಪ್ಪ ತಲೆಯ ಪಟಕಾ ಸರಿಮಾಡಿಕೊಂಡು ಮೊದಲಿಗಿಂತ ಜೋರಾಗಿ ಮಾಡಿದ. ಎದುರಿನ ಚಹಾದಂಗಡಿಯವರು ಎದ್ದು ನಿಂತು ನೋಡಿದರು. ಅದು ಎಲ್ಲಿಯ ಕ್ಯಾಸೆಟ್ ಎಂದು ಅವಳು ಕೇಳಿದ್ದಕ್ಕೆ, ತನ್ನ ಅಪ್ಪ ಇಂಡಿಯ ಹೈಸ್ಕೂಲಿನಲ್ಲಿ ಜವಾನನಾಗಿದ್ದ, ಅವನು ತಂದದ್ದು ಎಂದ.

ಆ ದಿನ ಅನಿಲ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿದ.

ಹೊರ್ತಿಯ ತೋಟದ ಮನೆಯಲ್ಲಿ ಚಂದಪ್ಪ ಗೂಡಿನಿಂದ ಹಳೆಯ ಟೇಪ್ ರೆಕಾರ್ಡರನ್ನೂ, ಧೋತರದ ತುಂಡಿನಲ್ಲಿ ಸುತ್ತಿದ ಕ್ಯಾಸೆಟ್ಟನ್ನೂ ಇಳಿಸಿದ. ಕ್ಯಾಸೆಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ಎರಡೇ ಶಬ್ದ: ಹಕ್ಕಿ ಓಡಿಸು. ಭಾಗ್ಯಜ್ಯೋತಿಗೆ ಆ ಅಕ್ಷರ ಗೊತ್ತಿತ್ತು. ‘ಹ’ದ ಬಾಲವನ್ನು ಹೀಗೆ ಒಂದು ಸುತ್ತು ಹೆಚ್ಚಿಗೆ ತಿರುಗಿಸುವವರು ಇಡೀ ಶಾಲೆಯಲ್ಲಿ ಒಬ್ಬರೇ ಇದ್ದರು, ಕರಿಹಲಗೆಯ ಮೇಲೆ ಅದನ್ನು ನೋಡಿ ಹುಡುಗಿಯರು ನಗುತ್ತಿದ್ದರು.

ಚಂದಪ್ಪ ಕತೆ ಹೇಳಿದ. ಕೆಟ್ಟ ಕಂಪ್ಯೂಟರಿನ ಕೋಣೆ ಖಾಲಿ ಮಾಡುವಾಗ ಹೊರಗೆ ಎಸೆಯುವ ರಾಶಿಯಲ್ಲಿ ಈ ಕ್ಯಾಸೆಟ್ ಅಪ್ಪನ ಕಣ್ಣಿಗೆ ಬಿತ್ತಂತೆ. ಮೇಲೆ ಬರೆದದ್ದನ್ನು ಓದಿದ. ಆಗ ಅವನ ಹೊಲದಲ್ಲಿ ಜೋಳ ಹಾಲುಕಾಳಿನ ಹಂತದಲ್ಲಿತ್ತು, ಹಕ್ಕಿಗಳ ಕಾಟ ಹೇಳತೀರದು. ಹಕ್ಕಿ ಓಡಿಸಲೆಂದು ಸರಕಾರ ಕ್ಯಾಸೆಟ್ ಮಾಡಿ ಕಳಿಸಿದೆ, ಈ ಮಾಸ್ತರರು ಸುಮ್ಮನೆ ಕಪಾಟಿನಲ್ಲಿ ಇಟ್ಟುಕೊಂಡು ಕೂತಿದ್ದಾರೆ ಎಂದುಕೊಂಡು ಮನೆಗೆ ತಂದ. ಹೊಲದ ಬದುವಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಹಚ್ಚಿದ. ಹಕ್ಕಿಗಳು ಎದ್ದು ಹೋದವು, ಆ ಹೊತ್ತು ತಿರುಗಿ ಬರಲಿಲ್ಲ.

“ಸರಕಾರದ್ದು ಒಂದಾದ್ರೂ ಕೆಲಸ ಮಾಡ್ತು ಅಂತ ಅಪ್ಪ ಊರ ತುಂಬ ಹೇಳ್ಕೋತ ತಿರಗಿದ್ರಿ,” ಅಂದ ಚಂದಪ್ಪ.

ಅನಿಲ ನಕ್ಕು ಸುಸ್ತಾದ. ಭಾಗ್ಯಜ್ಯೋತಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಆಮೇಲೆ ಅದೇ ನಗುವಿನ ಕೊನೆಯಲ್ಲಿ ಅವಳು ಯೋಚಿಸಿದಳು: ಆ ಮನುಷ್ಯ ಮಾಡಿದ ತಪ್ಪಾದರೂ ಏನು? ಚೀಟಿ ಓದಿದ, ಹೇಳಿದಂತೆ ಮಾಡಿ ನೋಡಿದ, ಫಲ ಕಂಡ. ಎಸೆಯಬೇಕಾದದ್ದು ಉಳಿದದ್ದೇ ಅವನು ಹಾಗೆ ಓದಿದ್ದರಿಂದ. ಸರಿಯಾಗಿ ಓದಿದವರಾರೂ ಅದನ್ನು ಎತ್ತಿಕೊಂಡಿರಲಿಲ್ಲ.

ಕ್ಯಾಸೆಟ್ ಕೊಡಲು ಚಂದಪ್ಪ ಒಪ್ಪಲಿಲ್ಲ. ಅಪ್ಪನದು, ಮೇಲಾಗಿ ಹಣ್ಣಿನ ಕಾಲ. ಆ ದನಿಯನ್ನು ಅಲ್ಲೇ ಭಾಗ್ಯಜ್ಯೋತಿಯ ಲ್ಯಾಪ್‌ಟಾಪಿಗೆ ತುಂಬಿಕೊಳ್ಳಲು ಮಾತ್ರ ಬಿಟ್ಟ. ಮೂರು ನಿಮಿಷ ಒದರಿ ಕ್ಯಾಸೆಟ್ ಸುಮ್ಮನಾಯಿತು. ಇನ್ನೊಂದು ಮಗ್ಗುಲಲ್ಲಿ ಏನಿದೆ ಎಂದು ಅವಳು ಕೇಳಿದಾಗ, ಅಪ್ಪನ ಇಷ್ಟದ ಡೊಳ್ಳಿನ ಪದಗಳಿವೆ, ಅವು ನಿಮಗೆ ಯಾಕೆ ಎಂದ. ಹೌದು, ಯಾಕೆ ಎಂದು ಅವಳೂ ಬಿಟ್ಟಳು.

ಮನೆಗೆ ಬಂದು ಪರೀಕ್ಷಿಸಿದಳು. ಆಟದಲ್ಲಿ ಒಟ್ಟು ಐವತ್ತಾರು ತುಂಡು. ಒಂದೊಂದರ ಕೊನೆಗೂ ತಾಳೆ ನೋಡುವ ಅಂಕಿಯೊಂದು ಇರುತ್ತದೆ. ಒಳಗಿನ ಲೆಕ್ಕಕ್ಕೂ ಅದಕ್ಕೂ ಹೊಂದಿದರೆ ತುಂಡು ಶುದ್ಧ, ಇಲ್ಲವಾದರೆ ಕೆಟ್ಟದ್ದು. ಇದರಲ್ಲಿ ಬಹುಶಃ ಎಂಬ ಮಾತಿಗೆ ಜಾಗವಿಲ್ಲ, ಅದಕ್ಕೇ ಅವಳಿಗೆ ಇಷ್ಟ. ನಡುವಿನ ತುಂಡುಗಳು ಬಹುತೇಕ ಶುದ್ಧವಾಗಿದ್ದವು. ಬದುವಿನ ಮೇಲೆ ವರ್ಷಗಟ್ಟಲೆ ಬಿಸಿಲು ಉಂಡು ಪಟ್ಟಿಯ ಮೊದಲೂ ಕೊನೆಯೂ ಸೊಟ್ಟಾಗಿದ್ದವು, ಅಲ್ಲಿನವು ಕೆಟ್ಟಿದ್ದವು.

ಅವಳು ಚಂದಪ್ಪನಿಗೆ ಫೋನ್ ಮಾಡಿ, ಇದರ ನಕಲು ಯಾರಾದರೂ ಮಾಡಿಸಿಕೊಂಡಿದ್ದರೇ ಎಂದು ಕೇಳಿದಳು. ಅವನು ನಕ್ಕ. ಅಕ್ಕ ಹುಚ್ಚವ್ವನನ್ನು ಮಸೂತಿಗೆ ಕೊಟ್ಟಾಗ ಅಪ್ಪ ಭಾಂಡೆ-ಪಾತ್ರೆಯ ಜೊತೆಗೆ ಹಕ್ಕಿ ಕ್ಯಾಸೆಟ್ಟಿನ ಒಂದು ನಕಲನ್ನೂ ಕಟ್ಟಿ ಕಳಿಸಿದ್ದನಂತೆ.

ಮಸೂತಿಯಲ್ಲಿ ಹುಚ್ಚವ್ವ ಇವರನ್ನು ಹೊಲದಲ್ಲೇ ತಡೆದು ನಿಲ್ಲಿಸಿದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಸೂರ್ಯಕಾಂತಿಯ ಹೊಲದ ನಡುವೆ, ಬಿಸಿಲಿಗೆ ಬಿಳಿಚಿದ ಟೇಪ್ ರೆಕಾರ್ಡರಿನ ಪಕ್ಕ ಕುಳಿತಿದ್ದಳು.

“ಇದನ್ನ ಒಯ್ದ್ರ ನನ್ನ ಹೊಲ ಯಾರ್ ಕಾಯ್ತಾರ ತಂಗಿ? ನಿಮ್ಮ ಕಾಲೇಜಿನ್ಯಾವ್ರು ಬಂದು ಒದರ್ತಾರೇನ?”

ಒಯ್ಯುವುದಿಲ್ಲ, ದನಿಯನ್ನಷ್ಟೇ ತುಂಬಿಕೊಳ್ಳುತ್ತೇವೆ ಎಂದು ಭಾಗ್ಯಜ್ಯೋತಿ ತಿಳಿಸಿ ಹೇಳಿದಳು. ಹೇಳಿದ್ದು ಸಾಲಲಿಲ್ಲ. ಕೊನೆಗೆ ಅನಿಲ ಕಾರಿನಲ್ಲಿದ್ದ ತನ್ನ ಹೊಸ ಸ್ಪೀಕರನ್ನು ತಂದು, ಅದೇ ದನಿಯನ್ನು ಅದರಿಂದ ಹೊಲದ ಮೇಲೆ ಹಾಯಿಸಿ ತೋರಿಸಿದ. ಆಚೆಯ ಹೊಲದ ಹಕ್ಕಿಗಳೂ ಎದ್ದವು. ಹುಚ್ಚವ್ವ ಸ್ಪೀಕರನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಇದು ಇಲ್ಲೇ ಇರಲಿ ಎಂದಳು. ಅನಿಲನ ಮುಖ ನೋಡುವ ಹಾಗಿತ್ತು.

ಅವಳ ನಕಲಿನ ಮೊದಲ ಭಾಗ ಶುದ್ಧವಾಗಿತ್ತು. ಕೊನೆಯ ಭಾಗ ಬರುವಷ್ಟರಲ್ಲಿ ಕರ್ರ್ ನಿಂತು ಸೋಬಾನೆ ಪದ ಶುರುವಾಯಿತು. ಮಗಳ ಮದುವೆಯಲ್ಲಿ ತಾನೇ ಅದರ ಮೇಲೆ ತುಂಬಿಸಿದ್ದು ಎಂದು ಹುಚ್ಚವ್ವ ಅಭಿಮಾನದಿಂದ ಹೇಳಿ, ಕ್ಯಾಸೆಟ್ಟಿನ ಜೊತೆ ತಾನೂ ದನಿಗೂಡಿಸಿದಳು. ಪದ ಮುಗಿಯುವವರೆಗೆ ಕೇಳದೆ ಏಳುವಂತಿರಲಿಲ್ಲ. ಸೋಬಾನೆ ಬೀಳುವುದಕ್ಕೆ ಮೊದಲೇ ಅವಳ ಗಂಡ ಈ ಕ್ಯಾಸೆಟ್ಟನ್ನು ಮುದ್ದೇಬಿಹಾಳಕ್ಕೆ ಒಯ್ದು, ಬಂದಗಿಸಾಬನ ಅಂಗಡಿಯಲ್ಲಿ ಅರ್ಧ ಊರಿಗೆ ನಕಲು ಮಾಡಿಸಿದ್ದ ಎಂಬುದು ರೊಟ್ಟಿ ಉಣ್ಣುವಾಗ ಗೊತ್ತಾಯಿತು.

ಬಂದಗಿಸಾಬ ಕ್ಯಾಸೆಟ್ಟಿನ ಅಂಗಡಿ ಮುಚ್ಚಿ ಬಹಳ ಕಾಲವಾಗಿತ್ತು. ಈಗ ತನ್ನ ಊರಾದ ತಂಗಡಗಿಯಲ್ಲಿ, ಹೊಳೆಯ ಗಾಳಿ ಬೀಸುವ ಕಟ್ಟೆಯ ಮೇಲೆ ಕುಳಿತಿದ್ದ. ಹಕ್ಕಿ ಕ್ಯಾಸೆಟ್ ಎಂದ ಕೂಡಲೇ ಮುದುಕನ ಬೆನ್ನು ನೆಟ್ಟಗಾಯಿತು. ಒಳಗಿಂದ ಟ್ರಂಕು ತರಿಸಿ, ನಕಲು ತೆಗೆಯಲು ಇಟ್ಟುಕೊಂಡಿದ್ದ ತನ್ನ ಪ್ರತಿಯನ್ನು ಹುಡುಕಿದ. ಆದರೆ ತನ್ನದು ಬರೀ ನಕಲಲ್ಲ, ಸುಧಾರಿಸಿದ್ದು ಎಂದ.

“ಒಂದಽ ದನಿ ಕೇಳಿ ಕೇಳಿ ಹಕ್ಕಿಗೆ ರೂಢಿ ಆಗ್ತೈತಿ ಬೇಟಿ. ನಡುನಡುವೆ ಮನಷ್ಯಾ ಇರಬೇಕು. ಅದಕ್ಕ ನಾನಽ ಒದರೇನಿ.”

ನಿಜ. ಕ್ಯಾಸೆಟ್ ಹಚ್ಚಿದರೆ ಕರ್ರ್ ಎಂಬ ದನಿಯ ಮೇಲೆ ಹರೆಯದ ಬಂದಗಿಸಾಬ ಹೋಯ್, ಹಾಹಾ, ಹುರ್ರ್ ಎಂದು ಕೂಗುತ್ತಿದ್ದ. ಕಟ್ಟೆಯ ಮೇಲಿನ ಬಂದಗಿಸಾಬ ಕಣ್ಣು ಮುಚ್ಚಿ ಕೇಳುತ್ತಿದ್ದ. ಆ ಕೂಗಿನ ಕೆಳಗೆ ಸಿಕ್ಕ ತುಂಡುಗಳಲ್ಲಿ ಒಂದೂ ಉಳಿಯುವುದಿಲ್ಲ. ಆದರೆ ಅರ್ಧದ ನಂತರ ಕೂಗು ವಿರಳವಾಯಿತು, ಆಮೇಲೆ ನಿಂತೇಹೋಯಿತು. ಅಲ್ಲಿಂದ ಕೊನೆಯವರೆಗೆ ಮನುಷ್ಯನ ಕೂಗಿಲ್ಲದ ಕರ್ರ್. ಮುಂದೆ ಯಾಕೆ ಕೂಗಲಿಲ್ಲ ಚಾಚಾ ಎಂದು ಅವಳು ಕೇಳಿದಳು. ಗಂಟಲು ಬಿದ್ದಿತ್ತು ಎಂದ.

ಮೂರು ಊರಿನ ದನಿಯಿಂದ ಒಳ್ಳೆಯ ತುಂಡುಗಳನ್ನು ಆರಿಸಿ ಜೋಡಿಸಿದಳು. ಮೊದಲಿನವು ಮಸೂತಿಯವು, ನಡುವಿನವು ಹೊರ್ತಿಯವು, ಕೊನೆಯವು ತಂಗಡಗಿಯವು. ಐವತ್ತೈದು ತುಂಡು ತಾಳೆಯಾದವು. ನಲವತ್ತೇಳನೆಯದೊಂದು ಎಲ್ಲಿಯೂ ಇರಲಿಲ್ಲ. ಮೂರೂ ಕ್ಯಾಸೆಟ್ಟಿನಲ್ಲಿ ಆ ಜಾಗದಲ್ಲಿ ಕರ್ರ್ ನಿಂತು, ಮೂರು ಸೆಕೆಂಡು ಡೊಳ್ಳಿನ ಸದ್ದು, ಮತ್ತೆ ಕರ್ರ್.

ಮೂರು ಕಡೆ ಬೇರೆ ಬೇರೆ ಜಾಗ ಕೆಟ್ಟಿದ್ದರೆ ಅದು ಅವರವರ ಮನೆಯ ಕತೆ. ಮೂರು ಕಡೆ ಒಂದೇ ಜಾಗ ಕೆಟ್ಟಿದೆ ಎಂದರೆ, ಕೆಟ್ಟದ್ದು ತಾಯಿ ಕ್ಯಾಸೆಟ್ಟಿನಲ್ಲೇ, ನಕಲು ತೆಗೆಯುವುದಕ್ಕೆ ಮೊದಲೇ. ಡೊಳ್ಳಿನ ಪದ ತುಂಬಿಸುವಾಗ ಚಂದಪ್ಪನ ಅಪ್ಪ ಕ್ಯಾಸೆಟ್ಟಿನ ಮಗ್ಗುಲು ತಪ್ಪಿ ಕ್ಷಣಕಾಲ ಗುಂಡಿ ಒತ್ತಿರಬೇಕು. ಹಾಗಾದರೆ ಆ ತುಂಡು ಅಳಿಸಿಹೋಯಿತು, ಇನ್ನು ಯಾವ ಊರಿಗೆ ಹೋದರೂ ಸಿಗುವುದಿಲ್ಲ. ತರ್ಕದಲ್ಲಿ ಎಲ್ಲೂ ಬಿರುಕು ಕಾಣಲಿಲ್ಲ. ಕಂಡಿದ್ದರೆ ಚೆನ್ನಾಗಿತ್ತು.

ಉಳಿದ ಆಟವನ್ನು ಸಾಲುಸಾಲಾಗಿ ಓದಿದಳು. ಹಕ್ಕಿ ಇಳಿಯುವುದು, ಕವಣಿ ಬೀಸುವುದು, ತೆನೆ ಬರಿದಾಗುವುದು, ಸೋಲುವುದು, ಎಲ್ಲ ಇತ್ತು. ಕೊನೆಯ ಹಕ್ಕಿಯನ್ನೂ ಓಡಿಸಿ ಗೆದ್ದರೆ ಏನಾಗುತ್ತದೆ ಎಂಬುದಷ್ಟೇ ಇರಲಿಲ್ಲ. ಶಾಲೆಯ ಯಾವ ಹುಡುಗಿಯೂ ಕಾಣದಿದ್ದದ್ದು ಅದೇ.

ಅನಿಲ ಪಕ್ಕದಲ್ಲಿ ನಿಂತು ನೋಡಿದ. “ಅಷ್ಟಽ ಏನು? ಎರಡ ಸಾಲ ನೀನಽ ಬರದ್ ಹಾಕು. ಯಾರಿಗೆ ಗೊತ್ತಾಗ್ತೈತಿ?”

“ನನಗ ಗೊತ್ತಾಗ್ತೈತಲ್ಲ,” ಅಂದಳು.

ಅವನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಬರೆದು ಹಾಕಿದರೆ ಆಟ ನಡೆಯುತ್ತದೆ, ಪುಣೆಯವನು ಒಪ್ಪುತ್ತಾನೆ. ಅಕ್ಕೋರೂ ಒಪ್ಪುತ್ತಾರೆ, ತೊಂದರೆ ಇರುವುದೇ ಅಲ್ಲಿ. ತಾವು ಬರೆದದ್ದು ಹೌದೋ ಅಲ್ಲವೋ ಎಂದು ತಿಳಿಯದೆ ಕುಳಿತವರಿಗೆ ತನ್ನ ಎರಡು ಸಾಲನ್ನು ಅವರದೆಂದು ಕೊಟ್ಟ ಹಾಗಾಗುತ್ತದೆ. ಅವರು ಕೇಳಿದ್ದು ಇದನ್ನಲ್ಲ. ಅವಳು ಲ್ಯಾಪ್‌ಟಾಪ್ ಮುಚ್ಚಿ ರೊಟ್ಟಿ ಬಡಿಯಲು ಹೋದಳು. ಅಂದು ರೊಟ್ಟಿ ಬಡಿದ ಸಪ್ಪಳ ಓಣಿಗೆಲ್ಲ ಕೇಳಿತು ಎಂದು ಅನಿಲ ಆಮೇಲೆ ಹೇಳುತ್ತಿದ್ದ.

ಎರಡು ದಿನ ಬಿಟ್ಟು ಸಿಂದಗಿಯಲ್ಲಿ ತರಗತಿ ಮುಗಿಸಿ ಬರುವಾಗ ಚಂದಪ್ಪನ ಫೋನು ಬಂತು. ಹಕ್ಕಿ ಕ್ಯಾಸೆಟ್ ಕೂಡಿತೇನ್ರಿ ಎಂದು ವಿಚಾರಿಸಿದ. ಒಂದು ತುಂಡು ಬಿಟ್ಟು ಎಲ್ಲ ಕೂಡಿತು, ಅದರ ಮೇಲೆ ನಿಮ್ಮ ಅಪ್ಪ ಡೊಳ್ಳಿನ ಪದ ತುಂಬಿಸಿಬಿಟ್ಟಿದ್ದಾರೆ ಎಂದಳು. ಚಂದಪ್ಪ ಅದನ್ನು ಒಪ್ಪಲಿಲ್ಲ. ಅಪ್ಪ ಅಂಥ ಅಡ್ಡಾದಿಡ್ಡಿ ಮನುಷ್ಯ ಅಲ್ಲ, ಡೊಳ್ಳು ಆ ಮಗ್ಗುಲಿಗೆ, ಹಕ್ಕಿ ಈ ಮಗ್ಗುಲಿಗೆ. ಹಾಗೆ ನೋಡಿದರೆ ತಂಟೆ ಮಾಡುವುದು ಹಕ್ಕಿಯೇ ಎಂದ.

“ಅಂದ್ರ?”

“ಆ ಕಡೆ ಪದ ಹಾಡೂವಾಗ ನಡಕ ಒಮ್ಮೆ ಇದು ಒದರ್ತೈತ್ರಿ. ಚೂರಽ ಚೂರು. ಮತ್ತ ಪದ ಚಾಲು. ಅಪ್ಪ ಪ್ರತಿ ಸಲ ಬೆದರ್ತಿದ್ದ.”

ಭಾಗ್ಯಜ್ಯೋತಿ ವರಾಂಡದಲ್ಲಿ ನಿಂತಳು. ಕೈಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಕ್ಯಾಸೆಟ್ಟಿನ ಪಟ್ಟಿ ಎಂದಾದರೂ ಕಡಿದಿತ್ತೇ ಎಂದು ಕೇಳಿದಳು.

“ಒಮ್ಮೆ ಮಶೀನ್ ತಿಂದಿತ್ರಿ. ಎರಡ ಕಡೆ ಹರದು ತುಂಡ ಕೈಯಾಗ ಬಂತು. ನಮ್ಮವ್ವ ತನ್ನ ಹಣಿ ಮ್ಯಾಲಿನ ಟಿಕಳಿ ಕೊಟ್ಲು, ಅಪ್ಪ ಅದನ್ನ ಹಚ್ಚಿ ಕೂಡಿಸಿದ.”

ಕ್ಯಾಸೆಟ್ಟಿನ ಪಟ್ಟಿಯ ಅಗಲದಲ್ಲಿ ಎರಡು ಹಾದಿ. ಕೆಳಗಿನ ಅರ್ಧ ಒಂದು ಮಗ್ಗುಲಿಗೆ, ಮೇಲಿನ ಅರ್ಧ ಇನ್ನೊಂದಕ್ಕೆ. ಹರಿದ ತುಂಡನ್ನು ತಲೆ-ಬಾಲ ಅದಲುಬದಲು ಮಾಡಿ ಅಂಟಿಸಿದರೆ ಕೆಳಗಿನದು ಮೇಲೆ ಹೋಗುತ್ತದೆ, ಮೇಲಿನದು ಕೆಳಗೆ ಬರುತ್ತದೆ. ಡೊಳ್ಳು ಹಕ್ಕಿಯ ಕಡೆಗೆ, ಹಕ್ಕಿ ಡೊಳ್ಳಿನ ಕಡೆಗೆ. ಏನೂ ಅಳಿಸಿರಲಿಲ್ಲ. ನಲವತ್ತೇಳನೆಯ ತುಂಡು ಬರೀ ಮನೆ ಬದಲಿಸಿತ್ತು, ಅಷ್ಟೇ. ಅದು ಇಷ್ಟು ವರ್ಷ ಡೊಳ್ಳಿನ ಪದದ ನಡುವೆ ಕುಳಿತು, ಕೇಳಿದವರನ್ನು ಬೆದರಿಸುತ್ತ, ತಾನಿದ್ದೇನೆ ಎಂದು ಒದರುತ್ತಲೇ ಇತ್ತು.

ಅಂದೇ ಸಿಂದಗಿಯಿಂದ ನೇರ ಹೊರ್ತಿಗೆ ಹೋದಳು. ಪಟ್ಟಿಯನ್ನು ಪೆನ್ಸಿಲಿನಿಂದ ಮೆಲ್ಲಗೆ ಸುತ್ತಿ ಆ ಜಾಗಕ್ಕೆ ತಂದಾಗ ಎರಡು ಕೆಂಪು ಟಿಕಳಿ ಕಂಡವು, ನಡುವೆ ಗೇಣಿಗಿಂತ ತುಸು ಕಡಿಮೆ ಪಟ್ಟಿ. ತೀರಿಹೋದ ಗಂಡ-ಹೆಂಡಿರ ಕೈಕೆಲಸ ಇಷ್ಟು ವರ್ಷ ಬಿಗಿಯಾಗಿ ಹಿಡಿದುಕೊಂಡಿತ್ತು. ಅವಳು ಅದನ್ನು ಕೀಳಲಿಲ್ಲ. ಕ್ಯಾಸೆಟ್ ತಿರುವಿ ಹಾಕಿ ಡೊಳ್ಳಿನ ಪದ ಹಚ್ಚಿದಳು. ಹಾಡುವವರು ದನಿ ಏರಿಸುವ ಜಾಗಕ್ಕೆ ಸರಿಯಾಗಿ ಕೂಂ, ಕರ್ರ್, ಕೂಂ. ಮತ್ತೆ ಡೊಳ್ಳು.

ಪಟ್ಟಿ ಹರಿದದ್ದು ಎರಡೂ ಕಡೆ ಖಾಲಿ ಸಿಳ್ಳಿನ ಮೇಲೆ. ಕೂದಲೆಳೆಯಷ್ಟು ಆಚೀಚೆ ಆಗಿದ್ದರೂ ಕತೆ ಮುಗಿಯುತ್ತಿತ್ತು. ಆ ಮೂರು ಸೆಕೆಂಡನ್ನು ಅದರ ಹಳೆಯ ಜಾಗದಲ್ಲಿ ಕೂಡಿಸಿದಳು. ತಾಳೆಯ ಅಂಕಿ ಹೊಂದಿತು. ತುಂಡಿನೊಳಗೆ ಏನು ಬರೆದಿದೆ ಎಂದು ಓದಬಹುದಿತ್ತು. ಓದಲಿಲ್ಲ. ಅದನ್ನು ಮೊದಲು ಕಾಣುವ ಹಕ್ಕು ಇನ್ನೊಬ್ಬರದಿತ್ತು.

ಬಾಗೇವಾಡಿಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವಳು ಗುಜರಿಯಿಂದ ತಂದು ರಿಪೇರಿ ಮಾಡಿಟ್ಟುಕೊಂಡಿದ್ದ ಬಿ.ಬಿ.ಸಿ. ಮೈಕ್ರೊ, ಒಂದು ಸಣ್ಣ ಟಿ.ವಿ., ಕೂಡಿಸಿದ ತುಂಡುಗಳನ್ನೆಲ್ಲ ತುಂಬಿದ ಹೊಸ ಕ್ಯಾಸೆಟ್, ಮತ್ತು ಅಪ್ಪನ ಕ್ಯಾಸೆಟ್ಟನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ ಚಂದಪ್ಪ. ಅಕ್ಕೋರ ಪಡಸಾಲೆಯಲ್ಲಿ ಲೆಕ್ಕದ ಹುಡುಗಿಯರು ಪುಸ್ತಕ ಮುಚ್ಚಿ ಗೋಡೆಗೆ ಸರಿದು ಕುಳಿತರು. ಸೊಸೆ ರಾಜಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಏನು ತಂದಿದ್ದೀ ಎಂದು ಅಕ್ಕೋರು ಕೇಳಿದರು. ಭಾಗ್ಯಜ್ಯೋತಿ ಗುಂಡಿ ಒತ್ತಿದಳು.

ಕೂಂ ಎಂದು ಸಿಳ್ಳು ಎದ್ದಿತು, ಹಿಂದೆಯೇ ಕರ್ರ್. ಅಂಗಳದ ಪೇರಲ ಗಿಡದಲ್ಲಿದ್ದ ಗುಬ್ಬಿಗಳೆಲ್ಲ ಒಮ್ಮೆಲೇ ಹಾರಿದವು. ಚಂದಪ್ಪ ಅತ್ತ ನೋಡಿ, ತನ್ನ ಮನೆಯ ವಸ್ತು ಮರ್ಯಾದೆ ಉಳಿಸಿತು ಎಂಬಂತೆ ತಲೆಯಾಡಿಸಿದ. ಪರದೆಯ ಮೇಲೆ ತುಂಡುಗಳ ಅಂಕಿ ಒಂದೊಂದೇ ಏರಿತು. ನಲವತ್ತೇಳನೆಯದು ಬಂತು. ಅಂಕಿ ನಿಲ್ಲದೆ ಮುಂದೆ ಹೋಯಿತು. ದನಿ ನಿಂತಿತು, ಪರದೆ ಕರ್ರಗಾಯಿತು. ಆಮೇಲೆ ಹಸಿರು ಚುಕ್ಕಿಗಳಲ್ಲಿ ಅಕ್ಷರ ಮೂಡಿದವು: ಹಕ್ಕಿ ಓಡಿಸು. ‘ಹ’ದ ಬಾಲ ಒಂದು ಸುತ್ತು ಹೆಚ್ಚಿಗೆ ತಿರುಗಿತ್ತು.

ಅಕ್ಕೋರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಹೋದರು. ಬೆರಳನ್ನು ‘ಕ್ಕಿ’ಯ ಕೆಳಗೆ ಇಟ್ಟರು.

“ಈ ಒತ್ತು,” ಅಂದರು. “ಈ ಒತ್ತು ಚೌಕಳಿಯೊಳಗ ಕೂಡ್ರತಿರಲಿಲ್ಲ. ಎಂಟ ಮನಿಯೊಳಗ ‘ಕ’ನೂ ಬರಬೇಕು, ಗುಡಿಸೂ ಬರಬೇಕು, ಒತ್ತೂ ಬರಬೇಕು. ಕಡೀಕ ಒತ್ತಿಗೆ ಬ್ಯಾರೆ ಮನಿ ಕಟ್ಟಿಕೊಟ್ಟೆ.” ಆಮೇಲೆ ಯಾರ ಕಡೆಗೂ ನೋಡದೆ, ಹಾಜರಿ ಹೇಳುವ ದನಿಯಲ್ಲಿ ಅಂದರು: “ಹೌದು. ನಾನಽ ಬರದೇನಿ.”

ಮೊದಲ ಆಟ ಭಾಗ್ಯಜ್ಯೋತಿ ಆಡಿ ಸೋತಳು, ಶಾಲೆಯಲ್ಲಿ ಸೋತ ಹಾಗೆಯೇ. ಚಂದಪ್ಪ ನಿಜವಾದ ಹಕ್ಕಿಗಳನ್ನು ಕಂಡವನು ತಾನು ಎಂದು ಮುಂದೆ ಬಂದು ಅವಳಿಗಿಂತ ಬೇಗ ಸೋತ. ಲೆಕ್ಕದ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಆಗ ಅಕ್ಕೋರು ಸೆರಗು ಸಿಕ್ಕಿಸಿ ಕುಳಿತರು. ಮೊದಮೊದಲು ಬೆರಳು ತಡವರಿಸಿದವು. ಆಮೇಲೆ ಅವರು ಪರದೆ ನೋಡುವುದಕ್ಕಿಂತ ಮೊದಲೇ ಕೈ ಹೋಗತೊಡಗಿತು. ಎಡದಿಂದ ಗುಬ್ಬಿ ಬಂದರೆ ಹಿಂದೆಯೇ ಬಲದಿಂದ ಗಿಳಿ ಬರುತ್ತದೆ, ಗಿಳಿಯನ್ನು ನಂಬಬಾರದು ಎಂದು ಒಮ್ಮೆ ಗೊಣಗಿದರು. ತೆನೆಗಳು ಉಳಿದೇ ಇದ್ದವು. ಹಕ್ಕಿಗಳು ಕಡಿಮೆಯಾದವು. ಒಂದೇ ಒಂದು ಉಳಿಯಿತು. ಕವಣಿ ಬೀಸಿತು, ಅದೂ ಹೋಯಿತು.

ಪರದೆ ಖಾಲಿಯಾಯಿತು. ಒಂದೊಂದೇ ಅಕ್ಷರ ಮೂಡಿ ಬಂತು:

ಶಾಬಾಸ್. ಜ್ವಾಳ ಉಳೀತು. ನಡಿ, ರೊಟ್ಟಿ ಉಣ್ಣು.

ಮೊದಲು ನಕ್ಕವಳು ರಾಜಶ್ರೀ. ಇದು ನಮ್ಮತ್ತೆಯೇ ಬರೆದದ್ದು, ಬೇರೆ ಪುರಾವೆ ಬೇಡ, ದಿನಾ ಇದೇ ಮಾತು ಎಂದಳು. ಪಡಸಾಲೆಯಲ್ಲಿ ನಗು ಎದ್ದಿತು. ಅಕ್ಕೋರು ಎಲ್ಲರಿಗಿಂತ ಜೋರಾಗಿ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ಓದಿ ಮತ್ತೆ ನಕ್ಕರು. ಅನಿಲ ಎಲ್ಲವನ್ನೂ ಫೋನಿನಲ್ಲಿ ಚಿತ್ರೀಕರಿಸಿ ಪುಣೆಯವನಿಗೆ ಕಳಿಸಿದ್ದ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಉತ್ತರ ಬಂತು. ಅಕ್ಕೋರು ಅದನ್ನು ಓದಿಸಿಕೊಂಡು, ಅಜ್ಜಿ ಯಾರು ಎಂದು ಕೇಳಿದರು.

ರೊಟ್ಟಿಯ ತಾಟು ಪಡಸಾಲೆಗೇ ಬಂದವು. ಅಕ್ಕೋರು ಎಡಗೈಯಿಂದ ಇನ್ನೊಂದು ಆಟ ಶುರುಮಾಡಿದ್ದರು. ಚಂದಪ್ಪ ತಾಟಿನ ಶೇಂಗಾ ಚಟ್ನಿಯನ್ನು ಬೆರಳಿಂದ ಒರೆಸುತ್ತ, ಬಹಳ ಹೊತ್ತು ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದ. ಡೊಳ್ಳು ಇಲ್ಲದ ಈ ಹೊಸ ಕ್ಯಾಸೆಟ್ಟಿನ ಒಂದು ನಕಲು ತನಗೂ ಬೇಕೆಂದ.

“ಕಡೀ ತುಂಡೂ ಕೂಡೇತಲ್ರಿ ಅಕ್ಕೋರ. ಇನ್ನ ಹಕ್ಕಿ ಮೊದಲಿಗಿಂತ ಜೋರ್ ಓಡ್ತಾವೇನ್ರಿ?”

ಅಕ್ಕೋರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಓಡಬೇಕು,” ಅಂದರು. “ಹಂಗಽ ಬರದೇನಿ.”